ಹಲಗೆ ಹಿಡಿದ ಹೆಣ್ಣುಮಕ್ಕಳು

ನಮ್ಮ ಸೀಮೆಗೆ ಅದರದೇ ಆದ ಒಂದು ತಾಳವಿದೆ. ವಾಡಿ ಜಂಕ್ಷನ್ನಿನಲ್ಲಿ ಹಗಲಿರುಳೂ ಹಾದುಹೋಗುವ ಗೂಡ್ಸ್ ಗಾಡಿಗಳ ಸದ್ದು, ಶಹಾಬಾದಿನ ಹಾಸುಗಲ್ಲಿನ ಗಣಿಗಳಲ್ಲಿ ಉಳಿಯ ಮೇಲೆ ಬೀಳುವ ಸುತ್ತಿಗೆಯ ಪೆಟ್ಟು, ಸೇಡಂನ ಸಿಮೆಂಟು ಕಾರ್ಖಾನೆಯಲ್ಲಿ ಪಾಳಿ ಬದಲಾಗುವಾಗಿನ ಸೈರನ್ನು, ಚಿತ್ತಾಪುರದ ಕಣಗಳಲ್ಲಿ ತೊಗರಿ ಬಡಿಯುವ ಬಡಿಗೆ, ಚಿಂಚೋಳಿಯ ತಾಂಡಾಗಳಲ್ಲಿ ಹೆಜ್ಜೆ ಹಾಕುವ ಲಂಬಾಣಿ ತಾಯಂದಿರ ಕಾಲ್ಗಡಗದ ಸಪ್ಪಳ. ಶಿಕ್ಷಕಿಯಾಗಿ ಈ ಐದು ಊರುಗಳ ಸುತ್ತಮುತ್ತಲೇ ನನ್ನ ಸೇವೆಯ ವರ್ಷಗಳು ಕಳೆದುದರಿಂದ ಈ ಸದ್ದುಗಳೆಲ್ಲ ನನಗೆ ಮನೆಯ ಮಾತಿನಷ್ಟು ಪರಿಚಿತ. ಆದರೆ ಇವೆಲ್ಲಕ್ಕಿಂತ ಮಿಗಿಲಾಗಿ ಎದೆಯೊಳಗೆ ಇಳಿಯುವ ಸದ್ದೊಂದಿದೆ. ಅದು ಹಲಗೆಯದು.

ಹಲಗೆಯಿಲ್ಲದೆ ನಮ್ಮ ಕಡೆ ಯಾವ ದೊಡ್ಡ ಕಾರ್ಯವೂ ನಡೆಯುವುದಿಲ್ಲ. ಮೊಹರಮ್ಮಿನ ಅಲಾಯಿ ಕುಣಿತಕ್ಕೆ ಹಲಗೆ ಬೇಕು, ಜಾತ್ರೆಯ ತೇರಿಗೆ ಬೇಕು, ಮದುವೆಯ ಮೆರವಣಿಗೆಗೆ ಬೇಕು, ಊರಿನಲ್ಲಿ ಡಂಗುರ ಸಾರಲು ಬೇಕು, ಕೊನೆಗೆ ಮಣ್ಣಿಗೆ ಹೋಗುವ ದಾರಿಯಲ್ಲೂ ಅದೇ ಬೇಕು. ಬಳೆಯಾಕಾರದ ಚೌಕಟ್ಟಿಗೆ ಬಿಗಿದ ಚರ್ಮ, ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಇಷ್ಟೇ ಅದರ ಸಾಮಗ್ರಿ. ಗಡಿಯಾಚೆ ತೆಲಂಗಾಣದಲ್ಲಿ ಇದಕ್ಕೆ ಡಪ್ಪು ಎಂದು ಹೆಸರು, ಹಳೆಯ ಮೈಸೂರು ಕಡೆ ತಮಟೆ, ತಮಿಳುನಾಡಿನಲ್ಲಿ ಪರೈ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದದ್ದು ಈ ತಮಟೆಯ ನಾದಕ್ಕಾಗಿಯೇ.

ಇಷ್ಟು ವರ್ಷ ನಾನು ಕಂಡ ಹಲಗೆಗಳೆಲ್ಲ ಗಂಡಸರ ಹೆಗಲ ಮೇಲಿದ್ದವು. ಹೆಂಗಸರು ಆರತಿ ಹಿಡಿದರು, ಹಾಡಿದರು, ಕುಣಿದರು. ಕೋಲು ಮಾತ್ರ ಅವರ ಕೈಗೆ ಬರಲಿಲ್ಲ. ಹಾಗೆಂದು ನಮ್ಮ ತಾಯಂದಿರಿಗೆ ತಾಳ ಗೊತ್ತಿಲ್ಲವೆಂದು ಯಾರಾದರೂ ಹೇಳಬಲ್ಲರೇ? ಬೀಸುಕಲ್ಲಿನ ಸುತ್ತಿಗೆ ಸರಿಯಾಗಿ ಪದ ಕಟ್ಟಿದವರು ಅವರು. ಒನಕೆಯ ಏಟಿಗೆ ಉಸಿರು ಕೂಡಿಸಿದವರು ಅವರು. ಲಂಬಾಣಿ ಹೆಂಗಸರು ವರ್ತುಲವಾಗಿ ನಿಂತು ಚಪ್ಪಾಳೆ ತಟ್ಟಿ ಕುಣಿಯುವಾಗ ಅವರ ಬಳೆ, ಗೆಜ್ಜೆ, ನಾಣ್ಯದ ಸರಗಳೇ ವಾದ್ಯವಾಗುತ್ತವೆ. ಚಿಂಚೋಳಿಯ ಕಡೆಯ ಒಂದು ಶಾಲೆಯಲ್ಲಿ ನಾನಿದ್ದಾಗ, ಮಧ್ಯಾಹ್ನದ ಬಿಡುವಿನಲ್ಲಿ ಏಳನೆಯ ತರಗತಿಯ ಹುಡುಗಿಯರು ಬೆಂಚಿನ ಮೇಲೆ ಬೆರಳಿನಿಂದ ಬಾರಿಸುತ್ತಿದ್ದ ತಾಳವನ್ನು ಬಾಗಿಲಲ್ಲಿ ನಿಂತು ಕೇಳಿದ್ದೇನೆ. ಒಬ್ಬಳು ನಡೆ ಹಿಡಿದರೆ ಮತ್ತೊಬ್ಬಳು ಅದರ ನಡುವಿನ ಸಂದುಗಳನ್ನು ತುಂಬುತ್ತಿದ್ದಳು. ವಾರ್ಷಿಕೋತ್ಸವ ಬಂದಾಗ ಮಾತ್ರ ಡೋಲಕ್ಕು ಹುಡುಗರ ಪಾಲಾಯಿತು, ಹುಡುಗಿಯರಿಗೆ ಕೋಲಾಟ ಸಿಕ್ಕಿತು. ಯಾರೂ ಜಗಳವಾಡಲಿಲ್ಲ. ಅದು ಸಹಜವೆಂದು ಎಲ್ಲರೂ ನಂಬಿದ್ದರು, ಆ ಹುಡುಗಿಯರೂ ನಂಬಿದ್ದರು.

ಇದಕ್ಕೆ ಒಂದು ಅಪವಾದವಿತ್ತೆಂದು ಹೇಳಬೇಕು. ಚಿತ್ತಾಪುರದ ಬಳಿ ನಾಗಾವಿಯ ಯಲ್ಲಮ್ಮನ ಜಾತ್ರೆಗೆ ಬರುವ ಜೋಗತಿಯರ ಕಂಕುಳಲ್ಲಿ ಚೌಡಿಕೆ ಇರುತ್ತದೆ. ಮರದ ಕೊಳಗದಂಥ ಪಾತ್ರೆಯ ತಳಕ್ಕೆ ಚರ್ಮ ಬಿಗಿದು, ಅದರಿಂದ ಹೊರಟ ತಂತಿಯನ್ನು ಮೀಟುವ ಈ ವಾದ್ಯದಲ್ಲಿ ಶ್ರುತಿಯೂ ಇದೆ, ತಾಳವೂ ಇದೆ. ಜೋಗತಿ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ ಈ ಪರಂಪರೆಗೆ ದೊಡ್ಡ ಗೌರವ ಸಂದಿತು. ಆದರೆ ಚೌಡಿಕೆ ಹಿಡಿದ ಎಷ್ಟೋ ಹೆಣ್ಣುಮಕ್ಕಳು ಅದನ್ನು ತಾವಾಗಿ ಆರಿಸಿಕೊಂಡವರಲ್ಲ. ದೇವರಿಗೆ ಬಿಡುವ ಆ ಪದ್ಧತಿಯನ್ನು ನಿಲ್ಲಿಸಲು ನಮ್ಮ ರಾಜ್ಯ 1982ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಹೀಗೆ, ವಾದ್ಯವಿಲ್ಲದ ಹೆಣ್ಣಿಗೆ ಅದನ್ನು ಕೇಳುವ ಹಕ್ಕಿರಲಿಲ್ಲ. ವಾದ್ಯ ಸಿಕ್ಕಿದ ಹೆಣ್ಣಿಗೆ ಅದನ್ನು ಬೇಡವೆನ್ನುವ ಹಕ್ಕಿರಲಿಲ್ಲ.

ನಮ್ಮ ಪವಿತ್ರ ಗ್ರಂಥವನ್ನು ತೆರೆದರೆ ಚಿತ್ರ ಬೇರೆಯೇ ಇದೆ. ವಿಮೋಚನಾಕಾಂಡದ ಹದಿನೈದನೆಯ ಅಧ್ಯಾಯದಲ್ಲಿ, ಇಸ್ರಯೇಲರು ಕೆಂಪು ಸಮುದ್ರವನ್ನು ದಾಟಿದ ಮೇಲೆ, ಪ್ರವಾದಿನಿ ಮಿರ್ಯಾಮಳು ದಮ್ಮಡಿಯನ್ನು ಕೈಗೆತ್ತಿಕೊಳ್ಳುತ್ತಾಳೆ. ಸ್ತ್ರೀಯರೆಲ್ಲರೂ ದಮ್ಮಡಿ ಹಿಡಿದು ಅವಳ ಹಿಂದೆ ಹೊರಡುತ್ತಾರೆ. ಯೆಪ್ತಾಹನ ಮಗಳು ತಂದೆಯನ್ನು ಎದುರುಗೊಂಡದ್ದು ದಮ್ಮಡಿಯೊಡನೆ. ಸೌಲನನ್ನೂ ದಾವೀದನನ್ನೂ ಸ್ವಾಗತಿಸಿದ ಹೆಂಗಸರ ಕೈಯಲ್ಲೂ ಅದೇ ಇತ್ತು. ಅರವತ್ತೆಂಟನೆಯ ಕೀರ್ತನೆಯು ದೇವಾಲಯದ ಮೆರವಣಿಗೆಯನ್ನು ವರ್ಣಿಸುವಾಗ ಹಾಡುಗಾರರನ್ನು ಮುಂದೆ, ವಾದ್ಯಗಾರರನ್ನು ಹಿಂದೆ ಇಟ್ಟು, ನಡುವೆ ದಮ್ಮಡಿ ಬಾರಿಸುವ ಕನ್ಯೆಯರನ್ನು ನಿಲ್ಲಿಸುತ್ತದೆ. ಆ ನಾಡಿನ ಉತ್ಖನನಗಳಲ್ಲಿ ದೊರೆತ ಪುರಾತನ ಮಣ್ಣಿನ ಬೊಂಬೆಗಳಲ್ಲಿಯೂ ಎದೆಗೆ ಚರ್ಮವಾದ್ಯವನ್ನು ಹಿಡಿದುಕೊಂಡ ಸ್ತ್ರೀಯರಿದ್ದಾರೆ. ದಮ್ಮಡಿಯೆಂದರೆ ಬಳೆಗೆ ಬಿಗಿದ ಚರ್ಮ. ನಮ್ಮ ಹಲಗೆಯ ಅಕ್ಕತಂಗಿಯೇ ಅದು. ಪವಿತ್ರ ಗ್ರಂಥದ ಕಾಲದಲ್ಲಿ ಅದು ಮುಖ್ಯವಾಗಿ ಹೆಂಗಸರ ವಾದ್ಯವಾಗಿತ್ತು.

ಹಾಗಾದರೆ ಧರ್ಮಸಭೆಯೊಳಗೆ ಅದೇಕೆ ಮೌನವಾಯಿತು? 1903ರಲ್ಲಿ ಜಗದ್ಗುರು ಹತ್ತನೆಯ ಪಯಸ್ ಅವರು ದೇವಾಲಯ ಸಂಗೀತವನ್ನು ಕುರಿತು ಒಂದು ಆಜ್ಞೆಯನ್ನು ಹೊರಡಿಸಿದರು. ಆ ಕಾಲದ ದೇವಾಲಯಗಳಲ್ಲಿ ನಾಟಕಶಾಲೆಯ ಸಂಗೀತ ನುಗ್ಗಿತ್ತು, ಅದನ್ನು ಶುದ್ಧಗೊಳಿಸುವುದು ಅವರ ಉದ್ದೇಶವಾಗಿತ್ತು. ಅದೇ ಆಜ್ಞೆಯಲ್ಲಿ ಎರಡು ನಿಷೇಧಗಳಿದ್ದವು: ಗಾಯನ ಮಂಡಳಿಯಲ್ಲಿ ಸ್ತ್ರೀಯರಿಗೆ ಸ್ಥಾನವಿಲ್ಲ, ಡ್ರಮ್ಮಿನಂಥ ಗದ್ದಲದ ವಾದ್ಯಗಳಿಗೆ ದೇವಾಲಯದಲ್ಲಿ ಪ್ರವೇಶವಿಲ್ಲ. ಹೆಣ್ಣು ಮತ್ತು ಡ್ರಮ್ಮು ಒಂದೇ ಕಾಗದದಲ್ಲಿ ಹೊರಗುಳಿದವು. ಆಜ್ಞೆ ಹೊರಟ ದಿನ ನವೆಂಬರ್ 22, ಸಂಗೀತದ ಪಾಲಕಿಯಾದ ಸಂತ ಸಿಸಿಲಿಯಳ ಹಬ್ಬ! ಕಾಲ ಕಳೆದಂತೆ ಬಾಗಿಲು ತೆರೆಯಿತು. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರು ಕೆಲವು ನಿಬಂಧನೆಗಳೊಡನೆ ಸ್ತ್ರೀಯರ ಗಾಯನಕ್ಕೆ ಅನುಮತಿಯಿತ್ತರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆಯಾ ಜನರ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದೂ, ಆರಾಧನೆಗೆ ಹೊಂದುವ ಸ್ಥಳೀಯ ವಾದ್ಯಗಳನ್ನು ಅಧಿಕಾರವುಳ್ಳವರ ಒಪ್ಪಿಗೆಯಿಂದ ಬಳಸಬಹುದೆಂದೂ ಸಾರಿತು. ಇಂದು ನಮ್ಮ ದೇವಾಲಯಗಳಲ್ಲಿ ಹೆಣ್ಣುಮಕ್ಕಳ ದನಿಯಿಲ್ಲದ ಗಾಯನ ಮಂಡಳಿಯನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ತಬಲಾ, ಡೋಲಕ್ಕುಗಳೂ ಬಂದಿವೆ. ಆದರೆ ಅವುಗಳ ಹಿಂದೆ ಕುಳಿತವನು ಬಹುಮಟ್ಟಿಗೆ ಹುಡುಗನೇ.

ಇದು ಧರ್ಮಸಭೆಯೊಂದರ ಮಾತಲ್ಲ. ಹೊರಗಿನ ಜನಪ್ರಿಯ ಸಂಗೀತದಲ್ಲೂ ಇದೇ ಕಥೆ. 1909ರಲ್ಲಿ ಅಮೆರಿಕದ ಲುಡ್ವಿಗ್ ಎಂಬುವರು ದೊಡ್ಡ ಡ್ರಮ್ಮನ್ನು ಕಾಲಿನಿಂದಲೇ ಬಾರಿಸುವ ಪೆಡಲನ್ನು ತಯಾರಿಸಿದ ಮೇಲೆ, ಹಿಂದೆ ಎರಡು ಮೂರು ಜನ ಮಾಡುತ್ತಿದ್ದ ಕೆಲಸವನ್ನು ಒಬ್ಬರೇ ಕುಳಿತು ಮಾಡುವುದು ಸುಲಭವಾಯಿತು. ಇಂದಿನ ಡ್ರಮ್ ಸೆಟ್ಟು ಹುಟ್ಟಿದ್ದು ಹೀಗೆ. ಅಂದಿನಿಂದ ಇಂದಿನವರೆಗೆ ಸಿನಿಮಾ ಹಾಡಿರಲಿ, ಮದುವೆಯ ಬ್ಯಾಂಡಿರಲಿ, ಕೇಳುವವರ ಕಾಲು ತಾನಾಗಿ ಅಲುಗುವಂತೆ ಮಾಡುವವರು ಹಿಂದಿನ ಸಾಲಿನಲ್ಲಿ ಕುಳಿತ ಆ ಒಬ್ಬರೇ. ಹಾಡುಗಾರ ಒಂದು ಸಾಲು ಮರೆತರೆ ಹಾಡು ಉಳಿಯುತ್ತದೆ. ತಾಳ ಹಿಡಿದವರು ಒಂದು ಏಟು ತಪ್ಪಿದರೆ ಎಲ್ಲರೂ ಎಡವುತ್ತಾರೆ. ಅಂಥ ಹೊಣೆಯನ್ನು ಹೆಣ್ಣಿಗೆ ವಹಿಸಲು ಲೋಕ ಹಿಂಜರಿಯಿತು.

ವಯೋಲಾ ಸ್ಮಿತ್ ಎಂಬ ಅಮೆರಿಕದ ಡ್ರಮ್ ವಾದಕಿ 1942ರಲ್ಲಿ ಒಂದು ಸಂಗೀತ ಪತ್ರಿಕೆಯಲ್ಲಿ ಲೇಖನ ಬರೆದು, ಯುದ್ಧಕ್ಕೆ ಹೋದ ಗಂಡಸರ ಸ್ಥಾನದಲ್ಲಿ ಹೆಣ್ಣುಮಕ್ಕಳಿಗೂ ವಾದ್ಯವೃಂದಗಳಲ್ಲಿ ಅವಕಾಶ ಕೊಡಿರೆಂದು ವಾದಿಸಿದರು. ಅವರು 107 ವರ್ಷ ಬಾಳಿ 2020ರಲ್ಲಿ ತೀರಿಕೊಂಡರು. 1964ರಲ್ಲಿ ಇಂಗ್ಲೆಂಡಿನ ಹನಿಕೂಂಬ್ಸ್ ತಂಡದ ಹಾಡೊಂದು ಮನೆಮಾತಾದಾಗ, ಅದರ ಡ್ರಮ್ ವಾದಕಿ ಹನಿ ಲ್ಯಾಂಟ್ರಿಯನ್ನು ಕಂಡು ಇದೇನೋ ಪ್ರಚಾರದ ತಂತ್ರವೆಂದು ಅನುಮಾನಿಸಿದವರಿದ್ದರು. ಕಾರ್ಪೆಂಟರ್ಸ್ ತಂಡದ ಕ್ಯಾರೆನ್ ಕಾರ್ಪೆಂಟರ್ ತಮ್ಮನ್ನು ಮೊದಲು ಡ್ರಮ್ ವಾದಕಿಯೆಂದೇ ತಿಳಿದವರು. ಅವರ ಕಂಠ ಲೋಕಪ್ರಿಯವಾದಂತೆ, ಜನರಿಗೆ ಮುಖ ಕಾಣಬೇಕೆಂದು ಅವರನ್ನು ಡ್ರಮ್ಮಿನ ಹಿಂದಿನಿಂದ ಎಬ್ಬಿಸಿ ವೇದಿಕೆಯ ಮುಂದಕ್ಕೆ ತಂದು ನಿಲ್ಲಿಸಲಾಯಿತು.

ನಮ್ಮ ಬೆಂಗಳೂರಿನಲ್ಲಿ ನೆಲೆಸಿದ ಸುಕನ್ಯಾ ರಾಮಗೋಪಾಲ್ ಅವರ ಬದುಕೂ ಇಂಥದ್ದೇ ಪಾಠ. ಘಟವನ್ನು ಬಾರಿಸಲು ಹೊರಟ ಹುಡುಗಿಗೆ, ಈ ಗಟ್ಟಿ ಮಣ್ಣಿನ ಮೇಲೆ ಹೆಣ್ಣಿನ ಬೆರಳು ನಡೆಯಲಾರದೆಂಬ ಮಾತು ಎದುರಾಯಿತು. ಚೆನ್ನೈಯ ಹರಿಹರ ಶರ್ಮರು ಮತ್ತು ಅವರ ಮಗ ವಿಕ್ಕು ವಿನಾಯಕರಾಮ್ ಅವರ ಬಳಿ ಕಲಿತು ಅವರು ಆ ಮಾತನ್ನು ಸುಳ್ಳು ಮಾಡಿದರು. ಹೆಣ್ಣು ಘಟ ಬಾರಿಸುವಳೆಂಬ ಕಾರಣಕ್ಕೆ ಜೊತೆಯಲ್ಲಿ ಕೂರಲು ಒಪ್ಪದ ಮೃದಂಗ ವಾದಕರನ್ನೂ ಅವರು ಕಂಡರು. ಮುಂದೆ ‘ಸ್ತ್ರೀ ತಾಳ ತರಂಗ’ವೆಂಬ ತಂಡವನ್ನೇ ಕಟ್ಟಿದರು. ಬೆರಳಿನ ಶಕ್ತಿಯ ಮಾತು ಒಂದು ನೆಪವಷ್ಟೇ ಎಂಬುದು ಇದರಿಂದ ತಿಳಿಯುತ್ತದೆ. ದಿನಕ್ಕೆ ನಾಲ್ಕು ಸೇರು ಜೋಳವನ್ನು ಬೀಸಿದ ಕೈಗೆ ಒಂದು ಕೋಲು ಭಾರವಾದೀತೇ?

ಈ ಮಾತುಗಳೆಲ್ಲ ನನ್ನ ಪಾಲಿಗೆ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. ಮೂರು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದಲ್ಲಿಯೇ ಈ ಪ್ರಶ್ನೆ ಎದ್ದಿತು. ಅನೇಕ ದೇವಾಲಯಗಳಂತೆ ನಮ್ಮಲ್ಲಿಯೂ ಕೀಬೋರ್ಡಿನೊಳಗೆ ಅಡಗಿರುವ ಸಿದ್ಧ ತಾಳವನ್ನು ಹಾಕಿಕೊಂಡು ಹಾಡುವ ರೂಢಿ. ಗುಂಡಿ ಒತ್ತಿದರೆ ತಾಳ ಹೊರಡುತ್ತದೆ, ಬೇಸರವಿಲ್ಲ, ಸಂಬಳವಿಲ್ಲ. ಆದರೆ ಆ ತಾಳ ಯಾರಿಗೂ ಕಾಯುವುದಿಲ್ಲ. ಹಿಂದಿನ ಸಾಲಿನ ಅಜ್ಜಿಯರು ಪಲ್ಲವಿಯ ಕೊನೆಯ ಅಕ್ಷರವನ್ನು ಎಳೆದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಯಂತ್ರ ಮುಂದಿನ ಸಾಲಿಗೆ ಹೋಗಿಬಿಟ್ಟಿರುತ್ತದೆ. ಕ್ರಮೇಣ ಅಜ್ಜಿಯರು ಹಾಡುವುದನ್ನೇ ಬಿಟ್ಟರು. ಇದನ್ನು ಗಮನಿಸಿದವರು ಯುವತಿಯರ ಗುಂಪಿನ ಕೆಲವು ಹುಡುಗಿಯರು. ಕ್ರಿಸ್ಮಸ್ ಹಾಡುಗಳಿಗೆ ಮನೆಮನೆಗೆ ಹೋಗುವಾಗ ಕೀಬೋರ್ಡನ್ನು ಹೊರುವುದಕ್ಕಿಂತ ಹಲಗೆಯನ್ನು ಹಿಡಿಯೋಣ, ನಾವೇ ಕಲಿತು ಬಾರಿಸುತ್ತೇವೆ ಎಂದು ಅವರು ಸಭೆಯಲ್ಲಿ ಕೇಳಿದರು.

ಹೆಣ್ಣುಮಕ್ಕಳಿಗೆ ಇದೆಲ್ಲ ಒಪ್ಪುವುದಿಲ್ಲವೆಂಬ ಎಂದಿನ ಆಕ್ಷೇಪವನ್ನು ನಾನು ನಿರೀಕ್ಷಿಸಿದ್ದೆ. ಬಂದ ಆಕ್ಷೇಪ ಬೇರೆಯಾಗಿತ್ತು. ಕೇಳಿದ ಹುಡುಗಿಯರಲ್ಲಿ ಒಬ್ಬಳ ಅಜ್ಜ ಎದ್ದು ನಿಂತರು. ಯಾವತ್ತೂ ದನಿಯೇರಿಸದ ಹಿರಿಯರು ಅವರು. ನನ್ನ ಕಡೆ ತಿರುಗಿ ಹೇಳಿದರು:

“ಟೀಚರಮ್ಮ, ಊರಾಗ ಹೆಣ ಬಿದ್ದಾಗೆಲ್ಲಾ ನಮ್ಮಪ್ಪ ಹಲಗಿ ಬಡೀಬೇಕಿತ್ತು. ಕೂಲಿ ಅಂತ ಏನೂ ಇಲ್ಲ. ಅವರಿಗಿ ಮನಸ್ಸು ಬಂದ್ರ ಒಂದು ಸೇರು ಜ್ವಾಳ. ಜ್ವರ ಬಂದು ಮಲಗಿದ್ರೂ ಎಬ್ಬಿಸಿ ಒಯ್ತಿದ್ರು. ಬಡಿಯೋ ಮುಂದ ಎಲ್ಲರ ಮುಂದ, ಉಣ್ಣೋ ಮುಂದ ಎಲ್ಲರ ಹಿಂದ, ಅಂಗಳದ ಹೊರಗ. ಸಾಲ್ಯಾಗ ನನಗ ಯಾರೂ ಹೆಸರು ಹಿಡದು ಕರೀಲಿಲ್ಲ, ಹಲಗಿಯವನ ಮಗ ಅಂತಿದ್ರು. ಆ ಹಲಗಿ ಒಲಿಗಿ ಹಾಕಿ ನಮ್ಮಪ್ಪ ಈ ದೇವರ ಮನಿಗಿ ಬಂದಾನ. ಈಗ ನನ್ನ ಮೊಮ್ಮಗಳು ಅದನ್ನೇ ಹೆಗಲಿಗಿ ಹಾಕ್ಕೊಂಡು ಬೀದ್ಯಾಗ ನಿಲ್ಲಬೇಕೇನು?”

ಸಭೆಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಏಕೆಂದರೆ ಅಲ್ಲಿದ್ದ ಅರ್ಧದಷ್ಟು ಮನೆಗಳ ಕಥೆ ಅದೇ ಆಗಿತ್ತು. ಹಲಗೆಯ ಸೊಗಸನ್ನು ಹೊಗಳುವ ನಮ್ಮಂಥವರು ನೆನಪಿಡಬೇಕಾದ ಸತ್ಯವಿದು: ಅದು ಕಲೆಯಾಗುವ ಮುನ್ನ ಜಾತಿಯ ಬಿಟ್ಟಿ ಚಾಕರಿಯಾಗಿತ್ತು. ಇಂಗ್ಲಿಷಿನಲ್ಲಿ ಬಹಿಷ್ಕೃತನೆಂಬ ಅರ್ಥದಲ್ಲಿ ಬಳಸುವ ‘ಪರೈಯಾ’ ಎಂಬ ಪದವೇ ತಮಿಳಿನ ಪರೈ ವಾದ್ಯದ ಹೆಸರಿನಿಂದ ಬಂದದ್ದು. ಹಲಗೆಯನ್ನು ಒಲೆಗೆ ಹಾಕಿದ ತಂದೆ ಕಲೆಯನ್ನು ತಿರಸ್ಕರಿಸಿದವನಲ್ಲ, ತನ್ನ ಮಗನಿಗೆ ಒಂದು ಹೆಸರನ್ನು ಗಳಿಸಿಕೊಟ್ಟವನು.

ಆಗ ಆ ಮೊಮ್ಮಗಳು ಮೆಲ್ಲನೆ ಅಂದಳು: “ಮುತ್ಯಾ, ನಿಮ್ಮಪ್ಪಗ ಬಡಿ ಅಂತ ಹುಕುಂ ಮಾಡಿದ್ರು. ನಮಗ ಯಾರೂ ಹೇಳಿಲ್ಲ. ನಾವಾಗೇ ಕೇಳಕತ್ತೀವಿ.”

ಈ ಮಾತನ್ನು ಕೇಳಿದ ಮೇಲೆ ಮಿರ್ಯಾಮಳ ದಮ್ಮಡಿ ನನಗೆ ಹೊಸದಾಗಿ ಅರ್ಥವಾಯಿತು. ಅವಳ ಜನರೂ ಹುಕುಮಿನ ಮೇಲೆ ದುಡಿದವರೇ. ಫರೋಹನ ಅಧಿಕಾರಿಗಳು ಎಣಿಸಿಕೊಟ್ಟಷ್ಟು ಇಟ್ಟಿಗೆಗಳನ್ನು ಅವರು ದಿನವೂ ಮಾಡಬೇಕಿತ್ತು. ಸಮುದ್ರ ದಾಟಿದ ದಿನ ಅವರ ಕೈಗಳು ಮೊದಲ ಬಾರಿಗೆ ಯಾರ ಅಪ್ಪಣೆಯೂ ಇಲ್ಲದೆ ಒಂದು ಕೆಲಸವನ್ನು ಮಾಡಿದವು: ಅವು ದಮ್ಮಡಿಯನ್ನು ಬಾರಿಸಿದವು. ಹೊರಡುವ ಅವಸರದಲ್ಲಿ ಹಿಟ್ಟು ಹುಳಿಯಾಗುವವರೆಗೂ ಕಾಯದವರು ದಮ್ಮಡಿಗಳನ್ನು ಮಾತ್ರ ಜೊತೆಗೆ ತಂದಿದ್ದರೆಂಬುದನ್ನು ನಾವು ಗಮನಿಸಬೇಕು.

ನಮ್ಮ ಸೀಮೆಯಲ್ಲಿಯೂ ಹಲಗೆ ಹೀಗೆ ಅರ್ಥ ಬದಲಿಸಿಕೊಂಡದ್ದುಂಟು. ದಲಿತ ಚಳವಳಿಯ ಜಾಥಾಗಳಲ್ಲಿ ಅದು ಹೋರಾಟದ ದನಿಯಾಯಿತು. ನೆರೆಯ ಆಂಧ್ರದಲ್ಲಿ 1994ರಲ್ಲಿ ಆರಂಭವಾದ ಮಾದಿಗ ದಂಡೋರಾ ಚಳವಳಿಯು ಊರಿಗೆ ಡಂಗುರ ಸಾರುವ ಆ ಹಳೆಯ ಚಾಕರಿಯ ಹೆಸರನ್ನೇ ತನ್ನ ಬಾವುಟಕ್ಕೆ ಇಟ್ಟುಕೊಂಡಿತು. ಆದರೆ ಅಲ್ಲಿಯೂ ಕೋಲು ಹಿಡಿದವರು ಹೆಚ್ಚಾಗಿ ಗಂಡಸರೇ.

ಹೆಣ್ಣುಮಕ್ಕಳ ಕೈಗೆ ಅದು ಬಂದ ಎರಡು ನಿದರ್ಶನಗಳನ್ನು ನಾನು ಆ ಸಭೆಯಲ್ಲಿ ಹೇಳಿದೆ. ಎರಡರ ಹಿಂದೆಯೂ ಕನ್ಯಾಸ್ತ್ರೀಯರಿದ್ದಾರೆ. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ಸಿಸ್ಟರ್ ಚಂದ್ರಾ ಅವರು ಕಟ್ಟಿದ ಶಕ್ತಿ ಜಾನಪದ ಸಾಂಸ್ಕೃತಿಕ ಕೇಂದ್ರದಲ್ಲಿ, ಶಾಲೆ ಬಿಟ್ಟ ಬಡ ದಲಿತ ಹೆಣ್ಣುಮಕ್ಕಳು ಹೊಲಿಗೆಯಂಥ ಕಸುಬುಗಳ ಜೊತೆಗೆ ಪರೈಯನ್ನೂ ಕಲಿತರು. ಸಾವಿನ ಮನೆಯ ಮುಂದೆ ಗಂಡಸರು ಬಾರಿಸುತ್ತಿದ್ದ ವಾದ್ಯವನ್ನು ವೇದಿಕೆಯ ಮೇಲೆ ತಲೆಯೆತ್ತಿ ಬಾರಿಸಿದರು. ಜೋಯಿ ಶೆರಿನಿಯನ್ ಎಂಬ ಅಮೆರಿಕದ ಸಂಗೀತ ವಿದ್ವಾಂಸೆ ಅವರನ್ನು ಕುರಿತು ‘ಶಕ್ತಿ ವೈಬ್ರೇಷನ್ಸ್’ ಎಂಬ ಸಾಕ್ಷ್ಯಚಿತ್ರವನ್ನು ಮಾಡಿದ್ದಾರೆ. ಮತ್ತೊಂದು ನಿದರ್ಶನ ಬಿಹಾರದ್ದು. ಕೇರಳದಿಂದ ಹೋಗಿ ಅಲ್ಲಿನ ಅತ್ಯಂತ ಬಡ ದಲಿತರ ನಡುವೆ ಬಾಳಿದ, 2006ರಲ್ಲಿ ಪದ್ಮಶ್ರೀ ಪಡೆದ ಸಿಸ್ಟರ್ ಸುಧಾ ವರ್ಗೀಸ್ ಅವರ ‘ನಾರಿ ಗುಂಜನ್’ ಸಂಸ್ಥೆಯ ಪ್ರೇರಣೆಯಿಂದ, ಪಟ್ನಾ ಬಳಿಯ ಢಿಬರಾ ಗ್ರಾಮದ ಹತ್ತು ಮಂದಿ ಹೆಂಗಸರು ಒಂದು ಬ್ಯಾಂಡ್ ತಂಡವನ್ನು ಕಟ್ಟಿದರು. ಹೊಲದಲ್ಲಿ ಕೂಲಿ ಮಾಡುತ್ತಿದ್ದ ಗೃಹಿಣಿಯರು ಅವರು. ಆರಂಭದಲ್ಲಿ ಊರು ನಕ್ಕಿತು. ಮುಂದೆ ಮದುವೆ ಮನೆಗಳೇ ಅವರನ್ನು ಹುಡುಕಿಕೊಂಡು ಬಂದವು. ಕೂಲಿಗಿಂತ ಒಳ್ಳೆಯ ಸಂಭಾವನೆ ಅವರ ಕೈಗೆ ಬಂತು.

ಹಿರಿಯರು ಅಂದು ಒಪ್ಪಲಿಲ್ಲ, ಬೇಡವೆಂದೂ ಹೇಳಲಿಲ್ಲ. ಎರಡು ಭಾನುವಾರಗಳು ಕಳೆದ ಮೇಲೆ ಪೂಜೆ ಮುಗಿಸಿಕೊಂಡು ಗುರುಗಳ ಬಳಿ ಬಂದು ಮೂರು ಮಾತು ಹೇಳಿದರು. ಯಾರ ಮನೆಗೂ ಪುಕ್ಕಟೆಯಾಗಿ ಬಾರಿಸಲು ಹುಡುಗಿಯರನ್ನು ಕಳಿಸಬಾರದು. ಯಾವ ಮನೆಯಲ್ಲಿಯೂ ಅವರನ್ನು ಹೊರಗೆ ನಿಲ್ಲಿಸಬಾರದು. ಒಳಗೆ ಕರೆದರೆ ಮಾತ್ರ ಹಲಗೆಯ ಮೇಲೆ ಕೋಲು ಬೀಳಬೇಕು. ಮೂರನೆಯದು, ಒಂದೇ ಕೇರಿಯ ಹುಡುಗಿಯರು ಬಾರಿಸಿ ಉಳಿದವರು ಹಾಡುವುದಾದರೆ ಬೇಡವೇ ಬೇಡ. ಎಲ್ಲರ ಮನೆಯ ಮಕ್ಕಳೂ ಹಲಗೆ ಹಿಡಿಯಬೇಕು. ಈ ಮೂರನೆಯ ಮಾತೇ ಎಲ್ಲಕ್ಕಿಂತ ಕಠಿಣವಾಗಿತ್ತು. ರೈಲ್ವೆ ಮತ್ತು ಕಾರ್ಖಾನೆಯ ಕೆಲಸಕ್ಕೆಂದು ಬೇರೆ ಬೇರೆ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ನಮ್ಮಲ್ಲಿವೆ. ಹಾಡಲು ಮಕ್ಕಳನ್ನು ಸಂತೋಷದಿಂದ ಕಳಿಸುವವರು ಹಲಗೆಯೆಂದಾಗ ತಡವರಿಸಿದರು. ಎರಡು ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ತಂಡದಿಂದ ಬಿಡಿಸಿದರು. ಕಾರಣವೇನೆಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಉಳಿದ ಏಳು ಹುಡುಗಿಯರಿಗೆ ಕಲಿಸಲು ಹತ್ತಿರದ ಹಳ್ಳಿಯಿಂದ ಒಬ್ಬ ಹಲಗೆಯ ಕಲಾವಿದರು ಬಂದರು. ಅವರಿಗೆ ಸಂಭಾವನೆ ನಿಗದಿಯಾಯಿತು. ಮೊದಲ ದಿನ ಸಭಾಂಗಣದ ಬಾಗಿಲಲ್ಲೇ ನಿಂತವರನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಬೇಕಾಯಿತು. ಈಗ ಚರ್ಮದ ಬದಲು ಫೈಬರ್ ಹಾಳೆ ಬಿಗಿದ ಹಲಗೆಗಳು ಸಿಗುತ್ತವೆ. ಬೆಂಕಿಗೆ ಹಿಡಿದು ಕಾಯಿಸುವ ಗೋಜಿಲ್ಲ. ಕಲಿಸುವವರು ಮಾತ್ರ ಒಂದು ಚರ್ಮದ ಹಲಗೆಯನ್ನೂ ತಂದಿದ್ದರು. ಕಾಯಿಸಿದಾಗ ಅದರ ದನಿ ಹೇಗೆ ಏರುತ್ತದೆ, ತಂಪಾದಂತೆ ಹೇಗೆ ಇಳಿಯುತ್ತದೆ ಎಂಬುದನ್ನು ಕಿವಿಯಿಂದಲೇ ತಿಳಿಯಬೇಕೆಂದರು. ಮೊದಲ ತಿಂಗಳು ಅವರು ಹುಡುಗಿಯರಿಗೆ ಜೋರಾಗಿ ಬಾರಿಸಲು ಬಿಡಲಿಲ್ಲ. ಒಬ್ಬರು ಹಾಡಬೇಕು, ಉಳಿದವರು ಬರಿಗೈಯಲ್ಲಿ ತೊಡೆಯ ಮೇಲೆ ನಡೆ ಹಿಡಿಯಬೇಕು. ಹಾಡುವವರ ಉಸಿರು ಎಲ್ಲಿ ನಿಲ್ಲುತ್ತದೆಂದು ತಿಳಿಯದವರಿಗೆ ಕೋಲಿಲ್ಲ ಎಂಬುದು ಅವರ ನಿಯಮ. ಬಡಿಯುವುದೇ ವಾದ್ಯಗಾರರ ಕೆಲಸವೆಂದು ತಿಳಿದಿದ್ದ ನಮಗೆಲ್ಲ ಇದು ಹೊಸ ಪಾಠ. ಅವರ ಕೆಲಸದ ಬಹುಪಾಲು ಕೇಳಿಸಿಕೊಳ್ಳುವುದೇ ಆಗಿದೆ.

ಆ ವರ್ಷದ ಕ್ರಿಸ್ಮಸ್ ಹಾಡುಗಳಿಗೆ ಅವರು ಮನೆಮನೆಗೆ ಹೋದರು. ಕರೆದ ಮನೆಗಳಲ್ಲಿ ಪಡಸಾಲೆಯ ನಡುವೆ ನಿಂತು ಬಾರಿಸಿದರು. ಈಗ ಹಬ್ಬದ ಮೆರವಣಿಗೆಗಳಿಗೂ ಆ ತಂಡವಿದೆ. ಪೂಜೆಯ ಕೆಲವು ಹಾಡುಗಳಿಗೆ ಗುರುಗಳ ಅನುಮತಿಯಿಂದ ಮೆದುವಾಗಿ ನಡೆ ಹಿಡಿಯುತ್ತದೆ. ಹಿಂದಿನ ಸಾಲಿನ ಅಜ್ಜಿಯರು ಪುನಃ ಹಾಡುತ್ತಿದ್ದಾರೆ, ಏಕೆಂದರೆ ಅವರು ಉಸಿರು ತೆಗೆದುಕೊಳ್ಳುವವರೆಗೆ ಹಲಗೆ ಕಾಯುತ್ತದೆ. ಎಲ್ಲವೂ ಸುಖವಾಗಿ ಮುಗಿಯಿತೆಂದು ಹೇಳಲಾರೆ. ತಂಡದ ಒಬ್ಬಳಿಗೆ ಕಳೆದ ವರ್ಷ ಮದುವೆಯಾಯಿತು. ಅವಳು ಹಲಗೆ ಬಾರಿಸುತ್ತಿದ್ದಳೆಂಬುದನ್ನು ಗಂಡನ ಮನೆಯವರಿಗೆ ತಿಳಿಸಬೇಡಿರೆಂದು ಅವಳ ತಾಯಿ ನಮ್ಮನ್ನು ಕೇಳಿಕೊಂಡರು. ಹಾಡುತ್ತಿದ್ದಳೆಂದು ಹೇಳಲು ಆ ತಾಯಿಗೆ ಸಂಕೋಚವಿರಲಿಲ್ಲ. ಬಿಟ್ಟುಹೋದ ಆ ಇಬ್ಬರು ಹುಡುಗಿಯರು ಇಂದಿಗೂ ಅಭ್ಯಾಸದ ಹೊತ್ತಿಗೆ ಸಭಾಂಗಣದ ಹೊರಗಿನ ಕಟ್ಟೆಯ ಮೇಲೆ ಬಂದು ಕೂರುತ್ತಾರೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಊಟದ ತಟ್ಟೆಯ ಮೇಲೆ, ಮೇಜಿನ ಮೇಲೆ, ಕೊಡದ ಮೇಲೆ ಬೆರಳಾಡಿಸುವ ಮಗಳಿರಬಹುದು. ಸುಮ್ಮನಿರು ಎನ್ನುವ ಮೊದಲು ಒಂದು ಗಳಿಗೆ ಕಿವಿಗೊಡಿ. ಅವಳ ತಾಳ ಸರಿಯಾಗಿದ್ದರೆ ತಬಲವೋ ಡೋಲಕ್ಕೋ ಹಲಗೆಯೋ ಯಾವುದಾದರೊಂದನ್ನು ಕಲಿಸುವ ಗುರುವನ್ನು ಹುಡುಕಿ. ಆ ಗುರು ಯಾವ ಕೇರಿಯವರಾದರೂ ಅವರಿಗೆ ಸಂಭಾವನೆ ಕೊಟ್ಟು, ಮನೆಯೊಳಗೆ ಕೂರಿಸಿ, ಚಹಾ ಕೊಟ್ಟು ಕಲಿಸಿ. ಗಾಯನ ಮಂಡಳಿಯನ್ನು ನಡೆಸುವವರು ಕೀಬೋರ್ಡಿನ ಗುಂಡಿಗೆ ವಾರದಲ್ಲಿ ಒಂದು ದಿನವಾದರೂ ವಿಶ್ರಾಂತಿ ಕೊಡಲಿ. ಹಿರಿಯರ ಮನೆಯಲ್ಲಿ ಹಲಗೆಯ ನೋವಿನ ನೆನಪಿದ್ದರೆ, ಅದನ್ನು ಮೊದಲು ಕೇಳಿ ಆಮೇಲೆ ಹಲಗೆಯನ್ನು ತನ್ನಿ. ಆ ನೋವನ್ನು ಬದಿಗೆ ಸರಿಸಿ ತಂದ ವಾದ್ಯದಿಂದ ಮೆರವಣಿಗೆ ನಡೆದೀತು, ಆದರೆ ಸ್ತುತಿ ಹುಟ್ಟಲಾರದು. ನೂರೈವತ್ತನೆಯ ಕೀರ್ತನೆಯು ದೇವರ ಸ್ತುತಿಗೆ ವಾದ್ಯಗಳನ್ನು ಒಂದೊಂದಾಗಿ ಹೆಸರಿಸುವಾಗ ದಮ್ಮಡಿಯನ್ನು ಬಿಟ್ಟಿಲ್ಲ, ಅದನ್ನು ಬಾರಿಸುವ ಕೈ ಯಾರದಿರಬೇಕೆಂಬ ಕಟ್ಟಳೆಯನ್ನೂ ವಿಧಿಸಿಲ್ಲ.